ಪಾಠದ ಹಾಳೆಗಿಂತ ಮೊದಲು ಮಗುವಿನ ಪ್ರಶ್ನೆ ಮನೆ ಸೇರಲಿ

ನಮ್ಮ ಕ್ರೈಸ್ತ ಸಭೆಯಲ್ಲಿ ಮಕ್ಕಳಿಗೆ ಬೈಬಲ್ ಕಲಿಸುವ ಸಂಡೇ ಸ್ಕೂಲ್ ನೋಡಿಕೊಳ್ಳುವುದು ನನ್ನ ಕೆಲಸ. ಪಾಠ ಸಿದ್ಧಪಡಿಸುವುದು, ಟೀಚರುಗಳಿಗೆ ತರಬೇತಿ ಕೊಡುವುದು, ಕಂಠಪಾಠದ ಬೈಬಲ್ ವಚನ ಆರಿಸುವುದು ಎಲ್ಲವೂ ಇದರಲ್ಲಿ ಸೇರಿದೆ. ನನಗೆ ಹೆಚ್ಚು ಕಲಿಸಿದ್ದು ಮಾತ್ರ ತರಗತಿ ಮುಗಿದು ತಂದೆತಾಯಿ ಮಕ್ಕಳನ್ನು ಕರೆದೊಯ್ಯಲು ಬಾಗಿಲಿಗೆ ಬರುವ ಆ ಕೆಲವು ನಿಮಿಷಗಳು.

ಅನೇಕ ಸಭೆಗಳಲ್ಲಿ ಪಾಠದ ಹಾಳೆಯೊಂದನ್ನು ಮನೆಗೆ ಕಳಿಸುತ್ತಾರೆ. ವಾರವಿಡೀ ದುಡಿದು ದಣಿದವರ ಕೈಗೆ ಅದು ಇನ್ನೊಂದು ಹೋಮ್‌ವರ್ಕ್ ಆಗಿ ಸೇರುತ್ತದೆ. "ನಮಗೆ ಬೈಬಲ್ ಅಷ್ಟು ಗೊತ್ತಿಲ್ಲ ಟೀಚರ್, ನೀವೇ ಹೇಳಿಕೊಡಿ" ಎನ್ನುತ್ತಾರೆ. ಅದನ್ನು ಅಸಡ್ಡೆ ಎಂದುಕೊಳ್ಳಬಾರದು. ಮಗು ಏನಾದರೂ ಕೇಳಿದರೆ ತಪ್ಪು ಉತ್ತರ ಕೊಟ್ಟುಬಿಡುತ್ತೇವೇನೋ ಎಂಬ ಅಂಜಿಕೆ ಅದು.

ಹಾಗಾಗಿ ನಮ್ಮ ಟೀಚರುಗಳು ಈಗ ಹಾಳೆಗಿಂತ ಮೊದಲು ಮಗು ಕೇಳಿದ ಪ್ರಶ್ನೆಯನ್ನು ತಂದೆತಾಯಿಗೆ ತಲುಪಿಸುತ್ತಾರೆ. ಅಜ್ಜಿಯನ್ನು ಕಳೆದುಕೊಂಡಿದ್ದ ಒಬ್ಬ ಹುಡುಗ ತರಗತಿಯಲ್ಲಿ, "ನಾನು ದಿನಾ ಪ್ರಾರ್ಥನೆ ಮಾಡಿದೆ, ಆದ್ರೂ ಅಜ್ಜಿ ಯಾಕೆ ಸತ್ತುಹೋದ್ರು?" ಎಂದು ಕೇಳಿದ. ಸತ್ತುಹೋದ ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸುವೇ ಅತ್ತದ್ದನ್ನು ಟೀಚರ್ ಅವನಿಗೆ ಓದಿ ಹೇಳಿದರು. ಉಳಿದ ಮಾತನ್ನು ಅವನ ತಂದೆಗೆ ಬಿಟ್ಟು, ಬಾಗಿಲಲ್ಲಿ ಪ್ರಶ್ನೆಯನ್ನು ಇದ್ದಂತೆಯೇ ತಿಳಿಸಿದರು. ತಂದೆ ತುಸು ಹೊತ್ತು ಸುಮ್ಮನಿದ್ದು, "ನನ್ನ ಪ್ರಶ್ನೆಯೂ ಅದೇ" ಎಂದರು. ಆ ರಾತ್ರಿ ಅಪ್ಪ ಮಗ ಕೂತು ಲಾಜರನ ಕಥೆಯಿರುವ ಯೋಹಾನನ ಸುವಾರ್ತೆಯ 11ನೇ ಅಧ್ಯಾಯವನ್ನು ಪೂರ್ತಿ ಓದಿದರಂತೆ. ಆ ಮನೆಯಲ್ಲಿ ಕುಟುಂಬ ಪ್ರಾರ್ಥನೆ ಶುರುವಾದದ್ದು ಹಾಗೆ. ನಾನು ಎಷ್ಟು ಚೆಂದದ ಹಾಳೆ ಕಳಿಸಿದ್ದರೂ ಇದು ಆಗುತ್ತಿರಲಿಲ್ಲ.

ಸತ್ಯವೇದ, ಅಂದರೆ ಬೈಬಲ್, ಈ ಕ್ರಮವನ್ನು ಮೊದಲೇ ತೋರಿಸಿದೆ. ವಿಮೋಚನಕಾಂಡದ 12ನೇ ಅಧ್ಯಾಯದಲ್ಲಿ, ಇಸ್ರಾಯೇಲರು ಐಗುಪ್ತದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕ ಹಬ್ಬದ ಆಚರಣೆಯ ಅರ್ಥವೇನೆಂದು ಮಕ್ಕಳು ಕೇಳುತ್ತಾರೆ, ಹೆತ್ತವರು ಉತ್ತರಿಸುತ್ತಾರೆ. ಇಸ್ರಾಯೇಲರು ಯೊರ್ದನ್ ನದಿ ದಾಟಿದ ನೆನಪಿಗೆ ಅಲ್ಲಿಂದ ಎತ್ತಿ ತಂದ ಹನ್ನೆರಡು ಕಲ್ಲುಗಳ ವಿಷಯದಲ್ಲೂ ಅಷ್ಟೇ. ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ಚಿಕ್ಕ ಪ್ರಶ್ನೋತ್ತರ ಪುಸ್ತಕ ಬರೆದಾಗ, ಮನೆಯ ಯಜಮಾನ ತನ್ನ ಮನೆಯವರಿಗೆ ಸರಳವಾಗಿ ಕಲಿಸುವ ರೀತಿ ಎಂದೇ ಅದರ ಭಾಗಗಳಿಗೆ ತಲೆಬರಹ ಕೊಟ್ಟರು. ಇಂಗ್ಲೆಂಡಿನ ಗ್ಲೌಸ್ಟರಿನಲ್ಲಿ ರಾಬರ್ಟ್ ರೇಕ್ಸ್ ಬಡಮಕ್ಕಳಿಗಾಗಿ ಸಂಡೇ ಸ್ಕೂಲ್ ತೆರೆದದ್ದು 1780ರಲ್ಲಿ. ನಮ್ಮ ತರಗತಿಗಿಂತ ಮನೆಯ ಪಾಠ ಎಷ್ಟೋ ಹಳೆಯದು.

ಮಾತು ಮನೆಯಿಂದ ಸಭೆಗೂ ಬರಬೇಕು. ರಾತ್ರಿ ಒಬ್ಬಳೇ ಮಲಗಲು ಮಗಳು ಹೆದರುತ್ತಾಳೆ ಎಂದು ಒಬ್ಬ ತಾಯಿ ಹೇಳಿದ್ದರು. ಆ ತಿಂಗಳ ಕಂಠಪಾಠಕ್ಕೆ ನಾವು 4ನೇ ಕೀರ್ತನೆಯ ಕೊನೆಯ ವಚನ ಆರಿಸಿದೆವು. ನಿರ್ಭಯವಾಗಿ ಮಲಗಿ ನಿದ್ರಿಸುವೆನು ಎನ್ನುವ ಆ ವಚನವನ್ನು ತಾಯಿ ಮಗಳು ಮಲಗುವಾಗ ಜೊತೆಯಾಗಿ ಹೇಳತೊಡಗಿದರು. ಮನೆಯವರು ತಿಳಿಸದಿದ್ದರೆ ನಾವು ಪಠ್ಯಕ್ರಮದಲ್ಲಿದ್ದ ವಚನವನ್ನೇ ಕೊಟ್ಟಿರುತ್ತಿದ್ದೆವು.

ತಂದೆತಾಯಿಯರಲ್ಲಿ ಒಬ್ಬರಿಗೆ ಮಾತ್ರ ನಂಬಿಕೆ ಇರುವ ಮನೆಗಳೂ ಉಂಟು. ಅಂಥವರು ಸಭೆಯಲ್ಲಿ ಹಿಂದೆ ಸರಿದು ಕೂರುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಪೊಸ್ತಲ ಪೌಲನ ಜೊತೆಗಾರ ತಿಮೊಥೆಯನ ತಾಯಿ ನಂಬಿದವಳು, ತಂದೆ ಗ್ರೀಕನಾಗಿದ್ದ. ಪೌಲನು ನೆನೆದು ಬರೆದದ್ದು ಅವನ ಅಜ್ಜಿ ಲೋವಿ, ತಾಯಿ ಯೂನೀಕೆ, ಈ ಇಬ್ಬರ ನಂಬಿಕೆಯನ್ನು. ಅಂಥ ತಾಯಂದಿರ ಜೊತೆ ಕೂತು ಪ್ರಾರ್ಥಿಸಲು ಸಭೆಯ ಹಿರಿಯ ಹೆಂಗಸರನ್ನು ಕೇಳಿಕೊಳ್ಳುತ್ತೇವೆ. ಮನೆಯಲ್ಲಿರುವ ಇನ್ನೊಬ್ಬರ ಬಗ್ಗೆ ಮಗುವಿನ ಎದುರು ಒಂದೂ ಕೆಟ್ಟ ಮಾತು ಬಾರದಂತೆ ನೋಡಿಕೊಳ್ಳುವುದು ನಮ್ಮ ತರಗತಿಯ ಕಟ್ಟುನಿಟ್ಟಿನ ನಿಯಮ.

ಹದಿಹರೆಯದವರ ವಿಷಯದಲ್ಲಿ ಬಾಗಿಲಿನ ಮಾತು ಸಾಲದು. ಅವರ ಸಂದೇಹವನ್ನು ಅವರಿಗೆ ಹೇಳದೆ ಹೆತ್ತವರಿಗೆ ದಾಟಿಸಿದರೆ ಮುಂದಿನ ವಾರ ಅವರು ಬಾಯಿ ಬಿಡುವುದಿಲ್ಲ. "ಇದನ್ನು ನೀನೇ ಮನೆಯಲ್ಲಿ ಹೇಳ್ತೀಯಾ, ನಾನೂ ಜೊತೆಗಿರಲಾ?" ಎಂದು ಮೊದಲು ಕೇಳುತ್ತೇವೆ. ಮಗುವಿನ ಸುರಕ್ಷತೆಗೆ ಧಕ್ಕೆಯಿರುವ ಸಂಗತಿಗಳನ್ನು ಮಾತ್ರ ಗುಟ್ಟಾಗಿ ಇಡುವುದಿಲ್ಲ. ಈ ನಿಯಮವನ್ನು ವರ್ಷದ ಮೊದಲ ತರಗತಿಯಲ್ಲೇ, ಮಕ್ಕಳು ಹೆತ್ತವರು ಇಬ್ಬರೂ ಕೂತಿರುವಾಗ ಹೇಳಿಬಿಡುತ್ತೇವೆ.