ರ‍್ಯಾಮಿನ ಮೇಲೆ ಬಂದ ಅಪವಾದ

ಸರಸ್ವತಿಪುರಂನ ನಮ್ಮ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆಯಿಂದ ಕವನ ಸಂಕಲನದವರೆಗೆ ಎಲ್ಲವೂ ಒಂದೇ ಡೆಸ್ಕ್‌ಟಾಪಿನಲ್ಲಿ ಸಿದ್ಧವಾಗಬೇಕು. ಲಗ್ನದ ತಿಂಗಳಲ್ಲೇ ಅದು ನೀಲಿ ಪರದೆ ತೋರಿಸಿ ತಾನಾಗಿಯೇ ಆರಿ ಹೊತ್ತಿಕೊಳ್ಳತೊಡಗಿತು. ರಿಪೇರಿಯವರು ಕ್ಯಾಬಿನೆಟ್ ತೆರೆದ ಕೂಡಲೇ, "ರ‍್ಯಾಮ್ ಹೋಗಿದೆ ಸಾರ್, ಇಲ್ಲವಾದರೆ ಎಸ್‌ಎಂಪಿಎಸ್" ಎಂದರು. ರ‍್ಯಾಮ್ ಎಂದರೆ ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿ, ಎಸ್‌ಎಂಪಿಎಸ್ ಎಂದರೆ ಅದಕ್ಕೆ ವಿದ್ಯುತ್ ಒದಗಿಸುವ ಪೆಟ್ಟಿಗೆ. ಪರೀಕ್ಷಿಸದೆ ಬಿಡಿಭಾಗ ಬದಲಿಸುವುದು ನನಗೆ ಒಗ್ಗದು. ವಿಂಡೋಸಿನಲ್ಲೇ ಇರುವ ಮೆಮೊರಿ ಪರೀಕ್ಷೆ ಹಾಕಿ ನೋಡಿದೆ. ಒಂದು ದೋಷವೂ ಸಿಗಲಿಲ್ಲ.

ಸಂಜೆ ಬಂದ ಅಣ್ಣನ ಮಗ, "ಚಿಕ್ಕಪ್ಪ, ಬೀಳುವ ಹೊತ್ತಿಗೆ ಅದು ಏನು ಮಾಡುತ್ತಿತ್ತು?" ಎಂದು ಕೇಳಿದ. ಅಲ್ಲೇ ಎಳೆ ಸಿಕ್ಕಿತು. ಪುಟ ಕಟ್ಟುವಾಗ ದಿನವಿಡೀ ತೆಪ್ಪಗಿರುತ್ತಿದ್ದ ಯಂತ್ರ, ಅಚ್ಚಿನ ಮನೆಗೆ ದೊಡ್ಡ ಪಿಡಿಎಫ್ ಕಳಿಸಲು ಹೊರಟರೆ ಬೀಳುತ್ತಿತ್ತು.

ಅವನು ವಿಂಡೋಸ್ ಫೋಲ್ಡರಿನೊಳಗಿನ ಮಿನಿಡಂಪ್ ಎಂಬ ಫೋಲ್ಡರ್ ತೆರೆದ. ಯಂತ್ರ ಪ್ರತಿ ಸಲ ಬಿದ್ದಾಗಲೂ ಅಲ್ಲೊಂದು ಚಿಕ್ಕ ಕಡತ ಉಳಿದಿತ್ತು. ಮೈಕ್ರೋಸಾಫ್ಟ್‌ನ ಉಚಿತ ದೋಷಪತ್ತೆ ತಂತ್ರಾಂಶ ವಿನ್‌ಡಿಬಿಜಿಯಲ್ಲಿ ಅವುಗಳನ್ನು ಓದಿದರೆ ಎಲ್ಲದರಲ್ಲೂ ವೈಫೈ ಕಾರ್ಡಿನ ಡ್ರೈವರ್, ಅಂದರೆ ಆ ಕಾರ್ಡನ್ನು ನಡೆಸುವ ತಂತ್ರಾಂಶದ ಹೆಸರು! ಬರೆಯುವ ತಂತ್ರಾಂಶ ಕೆಟ್ಟರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ವೈಫೈ ಡ್ರೈವರ್ ಓಡುವುದು ವಿಂಡೋಸಿನ ಕರ್ನಲ್ ಎಂಬ ಗರ್ಭಗುಡಿಯೊಳಗೆ. ಅಲ್ಲಿ ಅದು ಮುಟ್ಟಬಾರದ ಹೊತ್ತಿನಲ್ಲಿ ಮುಟ್ಟಬಾರದ ಮೆಮೊರಿಯನ್ನು ಮುಟ್ಟಿದರೆ, ದತ್ತಾಂಶ ಕೆಡದಿರಲೆಂದು ವಿಂಡೋಸ್ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ನೀಲಿ ಪರದೆಯ ಅರ್ಥ ಅದು.

ಆದರೂ ಕಡತದಲ್ಲಿ ಹೆಸರು ಬಂದ ಮಾತ್ರಕ್ಕೆ ಡ್ರೈವರೇ ತಪ್ಪಿತಸ್ಥ ಎನ್ನಲಾಗದು. ಕಾರ್ಡೇ ಕೆಟ್ಟಿದ್ದರೂ ಹೆಸರು ಬರುವುದು ಡ್ರೈವರಿನದೇ. ಹೊಸ ಡ್ರೈವರ್ ಹಾಕಿದೆವು, ಹಳೆಯದಕ್ಕೂ ಮರಳಿದೆವು. ಡಿವೈಸ್ ಮ್ಯಾನೇಜರಿನಲ್ಲಿ, ವಿದ್ಯುತ್ ಉಳಿಸಲು ಕಾರ್ಡನ್ನು ಆರಿಸುವ ಅನುಮತಿಯನ್ನು ತೆಗೆದೆವು. ಬೀಳುವುದು ವಿರಳವಾಯಿತೇ ಹೊರತು ನಿಲ್ಲಲಿಲ್ಲ. ಕೊನೆಗೆ ಪ್ಲಗ್ ಕಿತ್ತು, ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಿಂದ ಕಾರ್ಡನ್ನೇ ಹೊರತೆಗೆದು, ಮೇಲಿನ ಮನೆಯ ರೂಟರಿನಿಂದ ಕೇಬಲ್ ಎಳೆದೆವು. ಅಷ್ಟೂ ದಿನ ಕಾಡಿದ್ದ ಕವನ ಸಂಕಲನ ಒಂದೇ ಉಸಿರಿಗೆ ಅಚ್ಚಿನ ಮನೆ ಸೇರಿತು.

ಹುಡುಗ ಅಷ್ಟಕ್ಕೆ ಬಿಡಲಿಲ್ಲ. ಆ ಕಾರ್ಡನ್ನು ಕುವೆಂಪುನಗರದ ಮನೆಗೆ ಒಯ್ದು ತನ್ನ ಕಂಪ್ಯೂಟರಿಗೆ ಸಿಕ್ಕಿಸಿದ. ಅದುವರೆಗೆ ಎಂದೂ ಬೀಳದ ಆ ಯಂತ್ರವೂ ದೊಡ್ಡ ಕಡತ ಕಳಿಸುವಾಗ ಬಿತ್ತು. ಕೆಟ್ಟಿದ್ದು ಕಾರ್ಡೇ ಎಂದು ನನಗೆ ಪೂರ್ತಿ ನಂಬಿಕೆ ಬಂದದ್ದು ಆಗ. ಒಂದು ಅನುಮಾನವನ್ನು ಎರಡು ಯಂತ್ರಗಳಲ್ಲಿ ಒರೆಗೆ ಹಚ್ಚಿದ ಅವನ ತಾಳ್ಮೆ ನನಗೆ ಬಹಳ ಹಿಡಿಸಿತು.

ರಿಪೇರಿಯವರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಕ್ಷಣ ಹೊತ್ತು ಸುಮ್ಮನಿದ್ದು, "ಇನ್ನೊಂದು ಅಂಗಡಿಯಲ್ಲೂ ಇದೇ ತೊಂದರೆ ಇದೆ ಸಾರ್, ಆ ಫೋಲ್ಡರ್ ಎಲ್ಲಿರುತ್ತದೆ ಹೇಳಿ, ಬರೆದುಕೊಳ್ಳುತ್ತೇನೆ" ಎಂದರು.