ಕೆರೆಗೋಡು ಓದಿದಂತೆ ಲಾಗ್ ಓದುವುದು

ದಾವಣಗೆರೆಯಲ್ಲಿ ಕೂತು ನೆಲದಾಳಕ್ಕೆ ಕೊರೆದ ಒಂದು ಬಾವಿಯಲ್ಲಿ, ಹಿಂದಿನ ಆಳ ಸರೋವರದಲ್ಲಿ ಕೂತ ಪದರಗಳನ್ನು ನೀರಿನ ಏರಿಳಿತದ ಘಟ್ಟಗಳಾಗಿ ಭಾಗ ಮಾಡಲು ಬೆಳಗಿನಿಂದ ಸಂಜೆವರೆಗೆ ಹಿಡಿಯಿತು. ನಮ್ಮ ಕೆರೆಗಳನ್ನು ಬಲ್ಲವರಿಗೆ ಇದರ ತರ್ಕ ಹೊಸದಲ್ಲ. ಹಳ್ಳ ಸೇರುವ ಕಡೆ ಮರಳು, ಏರಿಯ ಬಳಿ ಆಳದಲ್ಲಿ ಕಪ್ಪು ಜಿಗುಟು ಗೋಡು. ನೀರು ಏರಿದಂತೆ ಆ ಕಪ್ಪು ಅಂಗಳದ ಮೇಲೆ ಹಬ್ಬುತ್ತದೆ, ಇಳಿದರೆ ಮರಳು ಮುಂದೆ ಬರುತ್ತದೆ. ಹಾಗಾಗಿ ಆ ಕಪ್ಪು ಗೋಡಿನಲ್ಲಿ ಹೆಚ್ಚಿರುವ ಸಾವಯವ ಇಂಗಾಲ ತಳದಿಂದ ಏರಿ ತುದಿ ಮುಟ್ಟುವ ಮಟ್ಟವೇ ಸಾಮಾನ್ಯವಾಗಿ ಸರೋವರ ಅತಿ ಹೆಚ್ಚು ಹರಡಿದ್ದ ಕಾಲ.

ಮೊದಲು, ಬಾವಿ ಕೊರೆಯುವಾಗ ಮೇಲೆ ಬರುವ ಕಲ್ಲಿನ ಚೂರುಗಳಲ್ಲಿ ಸಾವಯವ ಇಂಗಾಲದ ಪರೀಕ್ಷೆ. 0.2 ಮಿ.ಮೀ.ಗಿಂತ ನುಣ್ಣಗೆ ಅರೆದ ಪುಡಿಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ಬಿಸಿ ಮಾಡಿ, ನೊರೆ ಪೂರ್ತಿ ನಿಲ್ಲುವವರೆಗೆ ಕಾಯಬೇಕು. ಸುಣ್ಣಕಲ್ಲಿನಂಥ ಖನಿಜವಾದ ಡಾಲೊಮೈಟ್ ನಿಧಾನಕ್ಕೆ ಕರಗುತ್ತದೆ; ಅವಸರ ಮಾಡಿದರೆ ಸುಣ್ಣದ ಇಂಗಾಲವೂ ಲೆಕ್ಕಕ್ಕೆ ಸೇರುತ್ತದೆ.

ಚೂರುಗಳು ಕೆಲವು ಮೀಟರಿಗೊಂದು ಮಾತ್ರ. ನಡುವಿನ ಜಾಗ ತುಂಬುವುದು ಲಾಗ್, ಅಂದರೆ ಬಾವಿಯೊಳಗೆ ಉಪಕರಣ ಇಳಿಸಿ ಆಳಕ್ಕೆ ತಕ್ಕಂತೆ ಬರೆದ ಅಳತೆಯ ಗೆರೆ. 1990ರಲ್ಲಿ ಪ್ಯಾಸಿ ಮತ್ತು ಸಂಗಡಿಗರು ಕೊಟ್ಟ ವಿಧಾನದಲ್ಲಿ ರೆಸಿಸ್ಟಿವಿಟಿಯ (ಕಲ್ಲಿನ ವಿದ್ಯುತ್ ತಡೆಯ) ಹತ್ತು ಪಟ್ಟಿನ ಒಂದು ಸುತ್ತಿಗೆ ಸೋನಿಕ್‌ನ (ಕಲ್ಲಿನಲ್ಲಿ ಶಬ್ದ ಸಾಗಲು ಹಿಡಿಯುವ ಸಮಯದ) 50 ಮೈಕ್ರೋಸೆಕೆಂಡ್ ಪ್ರತಿ ಅಡಿ ಸರಿಹೊಂದಿಸಿ, ಇಂಗಾಲ ಕಡಿಮೆಯಿರುವ ದಪ್ಪ ಜೇಡಿಪದರದಲ್ಲಿ ಎರಡೂ ಗೆರೆ ಒಂದರ ಮೇಲೊಂದು ಕೂರುವಂತೆ ಮಾಡುತ್ತೇವೆ. ಅಲ್ಲಿ 2 ಓಮ್-ಮೀಟರ್, 85 ಮೈಕ್ರೋಸೆಕೆಂಡ್. ಮೇಲೆ 8 ಮತ್ತು 95 ಆದರೆ ಗೆರೆಗಳ ಅಂತರ 8/2ರ ಲಾಗರಿದಮ್ 0.6 ಜೊತೆ 10/50ರ 0.2, ಅಂದರೆ 0.8. ಸಾವಯವ ವಸ್ತು ಶಾಖಕ್ಕೆ ಎಷ್ಟು ಮಾಗಿದೆ ಎಂದು ಹೇಳುವ ಪಕ್ವತೆಯ ಮಟ್ಟ 9 ಎಂದಿಟ್ಟರೆ ಇಂಗಾಲ ಸುಮಾರು 4.8 ಶೇಕಡಾ.

ಕಲ್ಲಿನ ಸಹಜ ವಿಕಿರಣ ಅಳೆಯುವ ಗಾಮಾ ಲಾಗ್ ಒಂದನ್ನೇ ನಂಬಬೇಡಿ. ಸರೋವರದ ನೀರಿನಲ್ಲಿ ಯುರೇನಿಯಂ ಕಡಿಮೆಯಿದ್ದರೆ ಕಪ್ಪು ಜೇಡಿಯೂ ಸಪ್ಪೆ ಕಾಣುತ್ತದೆ. ಇತ್ತ ಚಿತ್ರದುರ್ಗದ ಸುತ್ತ ಇರುವಂಥ, ಪೊಟ್ಯಾಸಿಯಂ ಹೆಚ್ಚಿರುವ ಗ್ರಾನೈಟ್ ಸವೆದು ಬಂದ ಮರಳು ಗಾಮಾ ಏರಿಸಿ ಜೇಡಿಯ ವೇಷ ಹಾಕುತ್ತದೆ.

ನಮ್ಮ ಬಾವಿಯಲ್ಲಿ ಒಂದು ಕಡೆ ಅಂತರ ತಟ್ಟನೆ ಅಗಲವಾಗಿ, ಎಲ್ಲರೂ ಅದನ್ನೇ ತುದಿ ಎಂದು ಗುರುತು ಹಾಕಿದ್ದೆವು. ರಂಧ್ರದ ಅಗಲ ಅಳೆಯುವ ಕ್ಯಾಲಿಪರ್ ನೋಡಿದರೆ 8.5 ಇಂಚಿನ ರಂಧ್ರ ಅಲ್ಲಿ ಗೋಡೆ ಕುಸಿದು 13 ಇಂಚಿಗೆ ಅಗಲವಾಗಿತ್ತು. ಸೋನಿಕ್ ತಡವಾಗಿದ್ದು ಅಲ್ಲಿ ತುಂಬಿದ್ದ, ಕೊರೆಯಲು ಬಳಸುವ ಕೆಸರುದ್ರವ ಮಡ್‌ನಿಂದ, ಇಂಗಾಲದಿಂದಲ್ಲ. ಚೂರಿನಲ್ಲಿ ಅಳೆದದ್ದು 0.6 ಶೇಕಡಾ ಮಾತ್ರ. ಆ ತುಂಡನ್ನು ಬಿಟ್ಟು ಅಂತರ ಮತ್ತೆ ಲೆಕ್ಕ ಹಾಕಿದಾಗ ನಿಜವಾದ ತುದಿ ಕೆಳಗಿನ ತೆಳು ಪದರಗಳ ಜೇಡಿಯಲ್ಲಿ ಸಿಕ್ಕಿತು. ಘಟ್ಟದ ಗಡಿಯನ್ನು ಅದಕ್ಕೂ ಕೆಳಗೆ, ಇಂಗಾಲ ಅತಿ ಕಡಿಮೆಯಿರುವ ಮರಳಿನ ಬುಡದಲ್ಲಿ ಎಳೆದೆವು.