ಕೀಲ್‌ನ 14, ಹ್ಯಾಂಬರ್ಗ್‌ನ 7

ಬಿ.ಎ. ತರಗತಿಯಲ್ಲಿ ನಮ್ಮ ಇತಿಹಾಸದ ಮೇಷ್ಟ್ರು ಕ್ರಾಂತಿಯ ಪಾಠವನ್ನು ನಾಯಕರಿಂದ ಶುರು ಮಾಡುತ್ತಿರಲಿಲ್ಲ. ಮೊದಲು ಬೇಡಿಕೆಗಳ ಪಟ್ಟಿ ಬೋರ್ಡಿನ ಮೇಲೆ ಬರುತ್ತಿತ್ತು. ಆಮೇಲೆ ಎರಡೇ ಪ್ರಶ್ನೆ: ಜಾರಿ ಮಾಡುವವರು ಯಾರು? ಯಾವ ತಾರೀಕಿಗೆ?

1918ರ ಜರ್ಮನಿಯ ಪಾಠ ನನಗೆ ಇಂದಿಗೂ ಬಾಯಿಪಾಠ. ನವೆಂಬರ್ ಮೊದಲ ವಾರ ಕೀಲ್ ಬಂದರಿನಲ್ಲಿ ದಂಗೆಯೆದ್ದ ನಾವಿಕರ ಬೇಡಿಕೆಗಳು 14. ಬಂಧಿತರನ್ನೂ ರಾಜಕೀಯ ಕೈದಿಗಳನ್ನೂ ಬಿಡಬೇಕು, ಸೈನಿಕರ ಕಾಗದ ಒಡೆದು ಓದುವುದು ನಿಲ್ಲಬೇಕು, ಏನೇ ಆದರೂ ನೌಕಾಪಡೆ ಯುದ್ಧಕ್ಕೆ ಹೊರಡಕೂಡದು. ಕಾರ್ಖಾನೆಗಳ ರಾಷ್ಟ್ರೀಕರಣದ ಮಾತೇ ಅದರಲ್ಲಿಲ್ಲ. ಖಾಸಗಿ ಆಸ್ತಿಯ ರಕ್ಷಣೆಗೆ ಏನು ಮಾಡಬೇಕೆಂದು ದಂಗೆಯೆದ್ದವರು ತಾವೇ ಆರಿಸಿಕೊಂಡ ಸೈನಿಕ ಮಂಡಳಿಯೇ ತೀರ್ಮಾನಿಸುತ್ತದೆ ಎನ್ನುತ್ತದೆ 9ನೆಯದು. 10ನೆಯದು ಒಂದೇ ಸಾಲು: ಕರ್ತವ್ಯದ ಹೊತ್ತಿನ ಹೊರಗೆ ಯಾರೂ ಮೇಲಧಿಕಾರಿಯಲ್ಲ.

ಆ ಸಾಲನ್ನು ಮೇಷ್ಟ್ರು ಕೊನೆಯವರೆಗೂ ಅಳಿಸುತ್ತಿರಲಿಲ್ಲ.

ನವೆಂಬರ್ 12ರಂದು, ಚಕ್ರವರ್ತಿ ಕೆಳಗಿಳಿದ ಮೇಲೆ ಬಂದ ಹೊಸ ಸರ್ಕಾರ ಸೆನ್ಸಾರ್ ತೆಗೆಯಿತು, 20 ತುಂಬಿದ ಗಂಡಸರು ಹೆಂಗಸರಿಗೆಲ್ಲ ಮತ ಕೊಟ್ಟಿತು, ಎಂಟು ಗಂಟೆಯ ದುಡಿಮೆಗೆ 1919ರ ಜನವರಿ 1ರ ಗಡುವು ಹಾಕಿತು. ಗಡುವಿದ್ದದ್ದು ನಡೆಯಿತು.

ಡಿಸೆಂಬರ್ ಮಧ್ಯದಲ್ಲಿ ಕಾರ್ಮಿಕರ ಮತ್ತು ಸೈನಿಕರ ಮಂಡಳಿಗಳ ಮಹಾಸಭೆ ಬರ್ಲಿನ್‌ನಲ್ಲಿ ಸೇರಿತು. ಮಂಡಳಿಗಳದೇ ರಾಜ್ಯವಾಗಲಿ ಎಂಬುದನ್ನು 344ಕ್ಕೆ 98 ಮತಗಳಿಂದ ಆ ಮಂಡಳಿಗಳ ಪ್ರತಿನಿಧಿಗಳೇ ತಿರಸ್ಕರಿಸಿದರು. ಗಣಿಗಳನ್ನು ಸಮಾಜದ ಒಡೆತನಕ್ಕೆ ತರುವುದು ಕೂಡಲೇ ಶುರುವಾಗಲಿ ಎಂದರು. ಆದರೆ ಸಭೆಯ ಜೀವ ಇದ್ದದ್ದು ಹ್ಯಾಂಬರ್ಗ್‌ನವರು ತಂದ 7 ಅಂಶಗಳಲ್ಲಿ. ಸೈನ್ಯದ ಆಜ್ಞಾಧಿಕಾರ ಸರ್ಕಾರಕ್ಕೆ, ಅದರ ಮೇಲೆ ಮಂಡಳಿಗಳ ಕೇಂದ್ರ ಸಮಿತಿಯ ನಿಗಾ. ದರ್ಜೆ ತೋರುವ ಹೆಗಲ ಪಟ್ಟಿ ಕಿತ್ತುಹಾಕುವುದು. ಅಧಿಕಾರಿಗಳನ್ನು ಸೈನಿಕರೇ ಆರಿಸುವುದು. ಖಾಯಂ ಸೈನ್ಯದ ಬದಲು ಜನಸೇನೆ. ಕೀಲ್‌ನ ಆ 10ನೆಯ ಸಾಲೂ ಇಲ್ಲಿ ಮತ್ತೆ ಬಂತು.

ಎಡವಿದ್ದು ಇಲ್ಲೇ. ಸಭೆ ಈ ಅಂಶಗಳನ್ನು ಒಪ್ಪಿತಾದರೂ, ಇವು ಮಾರ್ಗಸೂಚಿಗಳಷ್ಟೇ, ಜಾರಿಯ ನಿಯಮ ಆಮೇಲೆ ಬರುತ್ತದೆ ಎಂದು ಬಿಟ್ಟರು. ತಾರೀಕಿಲ್ಲ. ಸೈನ್ಯದ ಮುಖ್ಯಸ್ಥ ಹಿಂಡನ್‌ಬರ್ಗ್ ಒಪ್ಪಲಿಲ್ಲ. ಅವರ ಕೈಕೆಳಗಿನ ಜನರಲ್ ಗ್ರೋನರ್ ಬರ್ಲಿನ್‌ಗೇ ಬಂದು ಪಟ್ಟು ಹಿಡಿದರು, ಹೊಸ ಸರ್ಕಾರದ ಮುಖ್ಯಸ್ಥ ಎಬರ್ಟ್ ಸಡಿಲಿಸಿದರು. ಗಡಿಯಿಂದ ಮರಳುತ್ತಿದ್ದ ಪಡೆಗಳಿಗೆ ಈ ಅಂಶಗಳು ಸದ್ಯಕ್ಕೆ ಅನ್ವಯಿಸುವುದಿಲ್ಲ ಎಂದಾಯಿತು. ಎಬರ್ಟ್‌ಗೆ ಸೈನ್ಯ ಚದುರಿಹೋಗುವ ಭಯವಿತ್ತು, ನಿಜ. ಆದರೂ ಬೇಡಿಕೆ ಯಾರ ವಿರುದ್ಧವೋ ಅವರ ಕೈಗೇ ಜಾರಿಯನ್ನು ಒಪ್ಪಿಸಿದ್ದು ನನ್ನ ಮಟ್ಟಿಗೆ ಕ್ಷಮಿಸಲಾಗದ ತಪ್ಪು.

ಕೊನೆಗೆ ನಿಯಮ ಬಂದಾಗ ಆಜ್ಞಾಧಿಕಾರ ಮತ್ತೆ ಅಧಿಕಾರಿಗಳದೇ. ಹೊರಬಿದ್ದ ದಿನ 1919ರ ಜನವರಿ 19: ಜರ್ಮನಿಯ ಹೆಂಗಸರು ಮೊದಲ ಬಾರಿಗೆ, ಸಂವಿಧಾನ ಬರೆಯಬೇಕಿದ್ದ ರಾಷ್ಟ್ರೀಯ ಸಭೆಗೆ ಮತ ಹಾಕಲು ಸಾಲಿನಲ್ಲಿ ನಿಂತ ದಿನ.